ದೇಹದ ತೂಕವೂ ದೇಹದ ಸ್ಥಿತಿಯೂ: ಒಂದು ಸೂಚ್ಯಂಕದ ವಿಮರ್ಶೆ

ವೈದ್ಯರ ಕೋಣೆಯಲ್ಲಿ, ಜೀವವಿಮೆಯ ಅರ್ಜಿಯಲ್ಲಿ, ಸರಕಾರದ ಸಮೀಕ್ಷಾ ಗ್ರಂಥಗಳಲ್ಲಿ ಇಂದು ಒಂದೇ ಅಳತೆ ಆಳುತ್ತಲಿದೆ. ಕಿಲೋಗ್ರಾಮಿನಲ್ಲಿ ತೂಗಿದ ಭಾರವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೊರೆಯುವ ಅಂಕಿ ಅದು. ಕನ್ನಡದಲ್ಲಿ ಅದನ್ನು ‘ದೇಹ ದ್ರವ್ಯರಾಶಿ ಸೂಚ್ಯಂಕ’ ಎಂದು ಕರೆಯುವ ರೂಢಿ ಬಿದ್ದಿದೆ. ಜನರ ಬಾಯಲ್ಲಿ ಅದು ‘ಬಿ.ಎಂ.ಐ.’. ಅನುವಾದವು ತೊಡಕಿನದಾದರೂ ಪ್ರಾಮಾಣಿಕವಾದುದೆಂದೇ ಹೇಳಬೇಕು. ದ್ರವ್ಯರಾಶಿಯೆಂದರೆ ಎಲುಬು, ಸ್ನಾಯು, ರಕ್ತ, ನೀರು, ಕೊಬ್ಬು ಎಲ್ಲವೂ ಕೂಡಿದುದು. ಸೂಚ್ಯಂಕವೆಂದರೆ, ಬೆಲೆಗಳ ಸೂಚ್ಯಂಕದಂತೆ, ಸೂಚನೆಯನ್ನಷ್ಟೇ ಕೊಡತಕ್ಕದ್ದು. ಹೆಸರಿನಲ್ಲಿರುವ ಈ ವಿನಯವು ಬಳಕೆಯಲ್ಲಿ ಉಳಿದಿಲ್ಲವೆಂಬುದೇ ಪ್ರಕೃತ ಲೇಖನದ ಆಕ್ಷೇಪ.

ಈ ಸೂತ್ರದ ಮೂಲವನ್ನು ಶೋಧಿಸ ಹೊರಟವರಿಗೆ ಮೊದಲು ಸಿಕ್ಕುವವನು ವೈದ್ಯನಲ್ಲ, ಖಗೋಳಜ್ಞ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟಲೆ 1835ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ಸರಾಸರಿ ಮನುಷ್ಯ’ನ ಲಕ್ಷಣಗಳನ್ನು ಸಂಖ್ಯೆಗಳಿಂದ ನಿರೂಪಿಸಲೆಳಸಿದನು, ಬೆಳೆದ ಮನುಷ್ಯರ ತೂಕವು ಸುಮಾರಾಗಿ ಎತ್ತರದ ವರ್ಗಕ್ಕನುಸಾರವಾಗಿ ಏರುತ್ತದೆಂಬ ಅವಲೋಕನ ಅವನದು. ಯಾರು ರೋಗಿ, ಯಾರು ನಿರೋಗಿ ಎಂಬ ಪ್ರಶ್ನೆಯನ್ನು ಅವನು ಎತ್ತಿರಲೇ ಇಲ್ಲ. ಅನಂತರ ಅಮೆರಿಕದ ವಿಮಾ ಕಂಪನಿಗಳು ತಮ್ಮ ತೂಕದ ಕೋಷ್ಟಕಗಳನ್ನು ಮಾಡಿದುವು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಅವರ ಸಂಗಡಿಗರು ಆ ಕೋಷ್ಟಕಗಳಿಗೆ ಪ್ರತಿಯಾಗಿ ಕೆಟಲೆಯ ಸೂತ್ರವನ್ನು ಮರಳಿ ಎತ್ತಿ ನಿಲ್ಲಿಸಿ ಇಂದಿನ ಹೆಸರನ್ನು ಕೊಟ್ಟರು. ಅವರು ಪರೀಕ್ಷಿಸಿದುದು ಅಮೆರಿಕ, ಫಿನ್‌ಲೆಂಡ್, ಇಟಲಿ, ಜಪಾನ್, ದಕ್ಷಿಣ ಆಫ್ರಿಕಗಳ ಏಳು ಸಾವಿರಕ್ಕೂ ಮಿಕ್ಕ ಗಂಡಸರನ್ನು. ಅದರಲ್ಲಿ ಹೆಂಗಸರಿಲ್ಲ, ಭಾರತೀಯರೂ ಇಲ್ಲ. ಗೆರೆಗಳೂ ಸ್ಥಿರವಾಗಿ ನಿಂತವಲ್ಲ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಗಂಡಸರಿಗೆ 27.8, ಹೆಂಗಸರಿಗೆ 27.3 ಎಂದಿದ್ದ ಗೆರೆಯನ್ನು 25ಕ್ಕೆ ಇಳಿಸಿದಾಗ, ಒಂದು ತುತ್ತನ್ನೂ ಹೆಚ್ಚಾಗಿ ಉಣ್ಣದೆ ಎರಡು ಕೋಟಿಗೂ ಮಿಕ್ಕ ಜನ ಅಧಿಕತೂಕದವರಾದರು!

ನಮ್ಮ ಪಾಲಿಗೆ ಇದಕ್ಕಿಂತ ಮುಖ್ಯವಾದುದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹ. ಅದರಲ್ಲಿ ಇಬ್ಬರು ವೈದ್ಯವಿಜ್ಞಾನಿಗಳು ತಮ್ಮ ದೇಹಗಳನ್ನೇ ಸಾಕ್ಷಿಯಾಗಿ ಒಡ್ಡಿದರು. ಒಬ್ಬರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ (ಪರೇಲಿನ ಕೆ.ಇ.ಎಂ. ಬೇರೆ, ಮುಂಬಯಿಯ ವಾಚಕರು ಗೊಂದಲಗೊಳ್ಳಬಾರದು), ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್‌ಕಿನ್. ಇಬ್ಬರ ಸೂಚ್ಯಂಕವೂ 22.3, ಅಂದರೆ ಇಬ್ಬರೂ ಎಲ್ಲ ಕೋಷ್ಟಕಗಳ ಪ್ರಕಾರ ನಿರ್ದೋಷಿಗಳು. ಕ್ಷಕಿರಣಗಳಿಂದ ದೇಹದ ಕೊಬ್ಬನ್ನು ಅಳೆದು ನೋಡಿದರೆ ಯುಡ್‌ಕಿನ್ನರಲ್ಲಿ ಅದು ಶೇಕಡಾ 9.1, ಯಾಜ್ಞಿಕರಲ್ಲಿ ಶೇಕಡಾ 21.2! ಒಂದೇ ಅಂಕಿಯ ಎರಡು ದೇಹಗಳಲ್ಲಿ ಕೊಬ್ಬಿನ ಅಂತರ ಎರಡು ಪಟ್ಟಿಗೂ ಮಿಕ್ಕಿತ್ತು. ಇದು ಇಬ್ಬರು ವ್ಯಕ್ತಿಗಳ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಪುಣೆಯ ಸುತ್ತಣ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳೊಡನೆ ಹೋಲಿಸಿದಾಗ, ನಮ್ಮ ಕೂಸುಗಳ ಸರಾಸರಿ ತೂಕ 2.7 ಕಿಲೋಗ್ರಾಂ, ಅಲ್ಲಿಯವುಗಳದು 3.5. ಕೊರತೆ ಬಿದ್ದುದು ಮುಖ್ಯವಾಗಿ ಸ್ನಾಯುವಿನಲ್ಲಿ ಮತ್ತು ಒಳಗಣ ಅಂಗಗಳಲ್ಲಿ. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಂದಿರಲಿಲ್ಲ. ತೆಳ್ಳಗೆ ಕಾಣುವ ದೇಹದಲ್ಲಿ ಕೊಬ್ಬು ಹೆಚ್ಚಾಗಿರುವ ಈ ಲಕ್ಷಣವು ಹುಟ್ಟಿನಿಂದಲೇ ಬಂದುದೆಂದಾಯಿತು.

ಇದರ ಪರಿಣಾಮವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಹದಿಹರೆಯದಲ್ಲಿ ಕರಾವಳಿಯಿಂದ ಬಂದು ಹೋಟೆಲಿನ ಮೇಜು ಒರೆಸಿದವರು ಐವತ್ತರ ವಯಸ್ಸಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ದೃಶ್ಯ ನಮ್ಮ ನಗರದಲ್ಲಿ ಸರ್ವಸಾಮಾನ್ಯ. ಅಂತಹವರೊಬ್ಬರ ಎತ್ತರ 165 ಸೆಂಟಿಮೀಟರ್, ತೂಕ 61 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಸೂಚ್ಯಂಕ 22.4; ಯಾವ ಗೆರೆಯನ್ನೂ ಅದು ದಾಟಿಲ್ಲ. ಆದರೆ ಕೈಕಾಲು ಸಣ್ಣಗಾಗಿ ಹೊಟ್ಟೆ ಮುಂದೆ ಬಂದಿದ್ದರೆ, ಸ್ನಾಯು ಕರಗಿದಷ್ಟೇ ಕೊಬ್ಬು ಕೂಡಿದ್ದರೆ, ತಕ್ಕಡಿಗೆ ಅದು ತಿಳಿಯುವ ಬಗೆಯೆಂತು? ‘ತೂಕ ಸರಿಯಾಗಿದೆ’ ಎಂಬ ಮಾತನ್ನು ಕೇಳಿ ಸಮಾಧಾನದಿಂದ ಹಿಂದಿರುಗುವವರಿಗೆ ಸಕ್ಕರೆ ರೋಗದ ಪರೀಕ್ಷೆ ವರ್ಷಗಟ್ಟಲೆ ಮುಂದೆ ಬೀಳುತ್ತದೆ. ಸೂಚ್ಯಂಕವು ಮಾಡುವ ಅತ್ಯಂತ ದೊಡ್ಡ ಹಾನಿ ನಮ್ಮ ಮತದಲ್ಲಿ ಇದೇ.

ಈ ಅಪಾಯವನ್ನು ತಜ್ಞರು ಅರಿಯದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಕರೆದ ತಜ್ಞರ ಸಭೆಯು 2004ರಲ್ಲಿ ಹಳೆಯ ಗೆರೆಗಳನ್ನು ಉಳಿಸಿಕೊಂಡೇ, ಏಷ್ಯದ ಜನರಿಗೆ 23 ಮತ್ತು 27.5ನ್ನು ಎಚ್ಚರಿಕೆಯ ಗುರುತುಗಳೆಂದು ಸೇರಿಸಿತು. ಭಾರತದ ವೈದ್ಯರು 2009ರಲ್ಲಿ ಒಮ್ಮತಕ್ಕೆ ಬಂದು 23ರಿಂದ ಅಧಿಕತೂಕವೆಂದೂ 25ರಿಂದ ಬೊಜ್ಜೆಂದೂ ನಿಗದಿ ಮಾಡಿದರು. ಹೀಗಿದ್ದೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮುಖ್ಯ ಕೋಷ್ಟಕಗಳಲ್ಲಿ 25ರ ಗೆರೆಯೇ ನಡೆದು ಬಂದಿದೆ. ಈ ಸಮೀಕ್ಷೆಯನ್ನು ನಡೆಸುವುದು ನಮ್ಮದೇ ನಗರದ, ಗೋವಂಡಿಯ ದೇವನಾರದಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, 1956ರಲ್ಲಿ ಸ್ಥಾಪಿತವಾದುದು. ಪರಿಣಾಮವೇನು? ಒಂದೂವರೆ ಮೀಟರ್ ಎತ್ತರದ, 54 ಕಿಲೋಗ್ರಾಂ ತೂಗುವ ಗೃಹಿಣಿಯ ಸೂಚ್ಯಂಕ 24. ವೈದ್ಯರ ಕೋಷ್ಟಕದಲ್ಲಿ ಆಕೆ ಅಧಿಕತೂಕದವಳು, ಸಮೀಕ್ಷೆಯ ಕೋಷ್ಟಕದಲ್ಲಿ ಸರಿತೂಕದವಳು.

ಆದರೂ ಈ ಸಂಸ್ಥೆಗೆ ಒಂದು ಶ್ಲಾಘನೆ ಸಲ್ಲಬೇಕು. 2019-21ರ ಐದನೆಯ ಸಮೀಕ್ಷೆಯಲ್ಲಿ ಮೊದಲ ಬಾರಿಗೆ ನಡುವಿನ ಮತ್ತು ನಿತಂಬದ ಸುತ್ತಳತೆಗಳನ್ನೂ ಸೇರಿಸಲಾಯಿತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸೂಚ್ಯಂಕದ ಪ್ರಕಾರ ಅಧಿಕತೂಕ ಅಥವಾ ಬೊಜ್ಜಿನವರು ಶೇಕಡಾ 24. ನಡು-ನಿತಂಬಗಳ ಅನುಪಾತದ ಪ್ರಕಾರ ಅಪಾಯದ ಅಂಚನ್ನು ದಾಟಿದವರು ಶೇಕಡಾ 56.7! ಗಂಡಸರಲ್ಲಿ ಇವು ಕ್ರಮವಾಗಿ 22.9 ಮತ್ತು 47.7. ಎರಡನೆಯ ಅಳತೆಯೇ ಪರಮಸತ್ಯವೆಂದು ನಾವು ಹೇಳುವುದಿಲ್ಲ; ನಿತಂಬ ಕಿರಿದಾಗಿದ್ದರೂ ಅನುಪಾತ ಏರುತ್ತದೆ. ಆದರೆ ಒಂದೇ ಜನಸಮೂಹವನ್ನು ಎರಡು ಅಳತೆಗಳು ಇಷ್ಟು ಬೇರೆಯಾಗಿ ಚಿತ್ರಿಸುತ್ತಿರುವಾಗ ಒಂದನ್ನೇ ಹಿಡಿದು ಆರೋಗ್ಯದ ಮಾತನಾಡುವುದು ಸಲ್ಲದು.

ಸೂಚ್ಯಂಕದ ತಪ್ಪು ಇನ್ನೊಂದು ದಿಕ್ಕಿನಲ್ಲಿಯೂ ಆಗುತ್ತದೆ. ಮಸ್ಜಿದ್ ಬಂದರಿನಲ್ಲಿ, ವಾಶಿಯ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕರ ಹೆಗಲು ತೊಡೆಗಳ ಮಾಂಸವು ತಕ್ಕಡಿಯಲ್ಲಿ ಕೊಬ್ಬಿನಂತೆಯೇ ತೂಗುತ್ತದೆ. ಈ ವಿಷಯದಲ್ಲಿ ಚರಕಸಂಹಿತೆಯ ದೃಷ್ಟಿ ಹೆಚ್ಚು ಸೂಕ್ಷ್ಮವಾಗಿದೆಯೆಂದರೆ ಪ್ರಾಚೀನಾಭಿಮಾನವೆಂದು ಯಾರೂ ಭಾವಿಸಬಾರದು. ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲನ ಲಕ್ಷಣ ಹೇಳುವಾಗ ಗ್ರಂಥಕಾರನು ತಕ್ಕಡಿಯನ್ನು ತರುವುದಿಲ್ಲ. ಮೇದಸ್ಸು ಎಲ್ಲಿ ನೆರೆದಿದೆ, ದೇಹದ ಬೆಳವಣಿಗೆಗೆ ತಕ್ಕ ಉತ್ಸಾಹವಿದೆಯೇ ಎಂದು ಕೇಳುತ್ತಾನೆ. ವಿಮಾನಸ್ಥಾನದಲ್ಲಿಯಂತೂ ಸಣ್ಣ ದೇಹದ ಕೃಶರೂ ಬಲಶಾಲಿಗಳಾಗಿರುವುದುಂಟೆಂದು ಹೇಳಿ, ಭಾರ ಹೊರುವ ಇರುವೆಯನ್ನು ದೃಷ್ಟಾಂತವಾಗಿ ಕೊಡುತ್ತಾನೆ.

ಹಾಗೆಂದು ಸೂಚ್ಯಂಕವನ್ನು ಎಸೆದುಬಿಡಬೇಕೆಂಬ ವಾದ ನಮ್ಮದಲ್ಲ. 18.5ಕ್ಕಿಂತ ಕೆಳಗಿರುವುದನ್ನು ದೀರ್ಘಕಾಲದ ಅನ್ನದ ಕೊರತೆಯ ಗುರುತೆಂದು 1988ರಲ್ಲಿ ಪೋಷಣಶಾಸ್ತ್ರಜ್ಞರು ಬಳಕೆಗೆ ತಂದುದು ಉಪಯುಕ್ತವಾದ ಕೆಲಸ. ಐದನೆಯ ಸಮೀಕ್ಷೆಯಲ್ಲಿಯೂ ಶೇಕಡಾ 18.7ರಷ್ಟು ಹೆಂಗಸರು ಆ ಗೆರೆಯ ಕೆಳಗಿದ್ದರು. ಹಸಿವನ್ನು ಲೆಕ್ಕ ಹಾಕಲು ಒಂದು ತಕ್ಕಡಿ, ಒಂದು ಅಳತೆಗೋಲು ಸಾಕಾಗುವುದಾದರೆ ಅದು ಬಡ ದೇಶಕ್ಕೆ ಸಣ್ಣ ಅನುಕೂಲವಲ್ಲ.

2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ತಜ್ಞಮಂಡಲಿಯು, ಸೂಚ್ಯಂಕವೊಂದರಿಂದಲೇ ಬೊಜ್ಜನ್ನು ನಿರ್ಣಯಿಸಬಾರದು, ಕೊಬ್ಬನ್ನು ನೇರವಾಗಿ ಅಳೆಯಬೇಕು ಇಲ್ಲವೆ ನಡುವಿನ ಸುತ್ತಳತೆಯಂತಹ ಇನ್ನೊಂದಾದರೂ ಅಳತೆಯನ್ನು ಕೂಡಿಸಿಕೊಳ್ಳಬೇಕು ಎಂದು ಹೇಳಿತು. ಭಾರತೀಯರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರಿನ ಮೇರೆ 2009ರ ಒಮ್ಮತದಲ್ಲಿಯೇ ಇದೆ. ಆಚರಣೆಯ ತೊಡಕು ಬೇರೆ. ಆಡುಗನ್ನಡದಲ್ಲಿ ನಡುವಿಗೂ ನಿತಂಬಕ್ಕೂ ‘ಸೊಂಟ’ವೆಂಬ ಒಂದೇ ಮಾತು ಸಲ್ಲುತ್ತದೆ; ಅಳೆಯಬೇಕಾದುದು ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿನ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ, ಬಟ್ಟೆಯ ದಪ್ಪ ಸೇರದಂತೆ. ಸೀರೆ ಉಟ್ಟು ಸಾಲಿನಲ್ಲಿ ನಿಂತ ಹೆಂಗಸಿಗೆ ಇದನ್ನು ಮಾಡಬೇಕಾದರೆ ಒಂದು ಪರದೆ, ಒಬ್ಬ ದಾದಿ, ಎರಡು ನಿಮಿಷದ ಬಿಡುವು ಬೇಕು. ತಕ್ಕಡಿಯ ಮೇಲೆ ಹತ್ತಿ ಇಳಿಯುವುದಕ್ಕೆ ಇವಾವುವೂ ಬೇಡ.