ಗಿಟುಕು ಕೌಟಾಗದ ಗುಟ್ಟು

ಒಳ್ಳೆಯ ಉಂಡೆ ಕೊಬ್ಬರಿ ಆರಿಸಲು ಮೊದಲು ಬೇಕಾದದ್ದು ಕಿವಿ. ಅಟ್ಟದಿಂದ ಇಳಿಸಿದ ಕಾಯನ್ನು ಅಲ್ಲಾಡಿಸಿದರೆ ನೀರಿನ ಸದ್ದು ಕೇಳಬಾರದು. ಚಿಪ್ಪು ಬಿಟ್ಟ ಗಿಟುಕು ಒಳಗೆ ಗಡಗಡ ಅನ್ನಬೇಕು. ಆ ಸದ್ದಿಗಾಗಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರು ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕಾಯುತ್ತಾರೆ. ಆಮೇಲೆ ಮೂಗು, ಕೊನೆಗೆ ನಾಲಿಗೆ. ಸಿಹಿಯ ಬೆನ್ನಿಗೇ ಸಾಬೂನಿನ ರುಚಿ ಹತ್ತಿದರೆ ಅದು ಕೌಟು.

ಕೌಟಿಗೆ ಮುಖ್ಯ ಕಾರಣ ಲೈಪೇಸ್ ಎಂಬ ಕಿಣ್ವ. ಅದು ತಿರುಳಿನದೇ ಇರಬಹುದು, ಬೂಷ್ಟು ತಂದದ್ದೂ ಇರಬಹುದು. ಕಿಣ್ವಗಳು ಬಹುಪಾಲು ಪ್ರೋಟೀನುಗಳು. ಮೈಮೇಲಿನ ಒಂದು ಗುಳಿಗೆ ಹೊಂದುವ ಅಣುವನ್ನಷ್ಟೇ ಹಿಡಿದು, ಬದಲಾಯಿಸಿ, ಬಿಟ್ಟು, ಮುಂದಿನದಕ್ಕೆ ಹೋಗುತ್ತವೆ. ತಾವು ಮಾತ್ರ ಖರ್ಚಾಗುವುದಿಲ್ಲ. ಬೀಗಕ್ಕೆ ತಕ್ಕ ಕೀಲಿಕೈ ಎಂದು 1894ರಲ್ಲಿ ಜರ್ಮನಿಯ ಎಮಿಲ್ ಫಿಶರ್ ವಿವರಿಸಿದ್ದು ಇದನ್ನೇ. ಲೈಪೇಸ್ ಎಣ್ಣೆಯನ್ನು ಹಿಡಿದು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲ. ಅದು ಬಿಡುಗಡೆಯಾದಾಗ ನಾಲಿಗೆಗೆ ಸಾಬೂನು ಹತ್ತುತ್ತದೆ.

ಆದರೆ ಹಾಗೆ ಬಿಡಿಸುವಾಗೆಲ್ಲ ಒಂದೊಂದು ನೀರಿನ ಅಣು ಬೇಕೇ ಬೇಕು. ಅಟ್ಟದ ಜಾಣತನವಿರುವುದು ಇಲ್ಲಿ. ಹಸಿ ತಿರುಳಿನಲ್ಲಿ ಅರ್ಧದಷ್ಟು ನೀರು, ಪಕ್ವವಾದ ಉಂಡೆಯಲ್ಲಿ ಶೇ 6–7 ಮಾತ್ರ. ಲೈಪೇಸ್‌ಗೂ ಕೆಲಸವಿಲ್ಲ, ಬೂಷ್ಟಿಗೂ ನೆಲೆಯಿಲ್ಲ. ಒಣಗುವಷ್ಟು ಕಾಲವೂ ಮಟ್ಟೆ, ಚಿಪ್ಪು ಕಾವಲಿರುತ್ತವೆ. ಒಡೆದು ಬಿಸಿಲಿಗೆ ಹರಡಿದ ಹೋಳುಗಳಿಗೆ ಈ ಭಾಗ್ಯವಿಲ್ಲ. ಒದ್ದೆ ತಿರುಳು ಗಾಳಿಗೆ ತೆರೆದಿರುವಾಗ ಮೋಡ ಕವಿದರೆ ಬೂಷ್ಟು ಹಿಡಿದೇ ಹಿಡಿಯುತ್ತದೆ.

ಒಣಗಿದ ಮಾತ್ರಕ್ಕೆ ಕಿಣ್ವ ನಾಶವಾಯಿತೆಂದಲ್ಲ. ಮಳೆಗಾಲದಲ್ಲಿ ಕೊಬ್ಬರಿ ತೇವ ಎಳೆದುಕೊಂಡರೆ ಮತ್ತೆ ಚುರುಕಾಗುತ್ತದೆ. ತಂಪಿನಲ್ಲಿ ನಿಧಾನ, ಸೆಕೆಯಲ್ಲಿ ಜೋರು. ಕಾವು ಮಿತಿಮೀರಿದರೆ ಪ್ರೋಟೀನಿನ ಮಡಿಕೆ ಬಿಚ್ಚಿ ಗುಳಿಯ ಆಕಾರವೇ ಕೆಡುತ್ತದೆ. ಚಟ್ನಿಪುಡಿಗೆ ಕೊಬ್ಬರಿ ತುರಿ ಹುರಿದುಕೊಳ್ಳುವಾಗ ನೀರೂ ಆರುತ್ತದೆ, ಕಿಣ್ವದ ಬಲವೂ ಕುಂದುತ್ತದೆ. ಮನೆಗೆ ಇಡೀ ಉಂಡೆಯನ್ನೇ ತನ್ನಿ, ಬೇಕಾದಾಗ ಬೇಕಾದಷ್ಟೇ ತುರಿದುಕೊಳ್ಳಿ.

2025ರ ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ ಹೋಳಾಗಿ ಒಣಗಿಸಿದ ಎಣ್ಣೆ ಕೊಬ್ಬರಿಗೆ 11,582 ರೂಪಾಯಿ, ಉಂಡೆಗೆ 12,100. ಒಂದು ವರ್ಷದ ತಾಳ್ಮೆಗೆ 518 ರೂಪಾಯಿ ಹೆಚ್ಚುವರಿ ತೀರಾ ಕಡಿಮೆಯಾಯಿತು.