ರಾಜಕುಮಾರರ ಗೋರಾ ಕುಂಬಾರ

ಗುಬ್ಬಿ ಕಂಪೆನಿಯಲ್ಲಿ ಪಳಗಿ, 'ಬೇಡರ ಕಣ್ಣಪ್ಪ'ದಿಂದ (1954) ಚಿತ್ರನಾಯಕರಾದ ರಾಜಕುಮಾರರ ಅಭಿನಯವೆಂದರೆ ರಂಗಭೂಮಿಯ ಏರುದನಿಯೇ ಎಂದು, ಚಿತ್ರಗಳನ್ನು ನೋಡದೆಯೇ ನಿರ್ಣಯಿಸಿದ ವಿದ್ಯಾವಂತರುಂಟು. ನಾಸಿಕ, ಛತ್ರಪತಿ ಸಂಭಾಜಿನಗರಗಳ ಕನ್ನಡಿಗರಿಗೆ ಈ ನಿರ್ಣಯವನ್ನು ಪರೀಕ್ಷಿಸಲು 'ಭಕ್ತ ಕುಂಬಾರ' (1974) ತಕ್ಕ ಒರೆಗಲ್ಲು. ಅದರ ನಾಯಕ ಗೋರಾ ಮರಾಠವಾಡದ ತೇರ್ ಗ್ರಾಮದ ಸಂತ. ನಾಮಸಂಕೀರ್ತನೆಯಲ್ಲಿ ಮೈಮರೆತು ಸ್ವಂತ ಕೂಸನ್ನೇ ಜೇಡಿಮಣ್ಣಿನೊಡನೆ ತುಳಿದ ತಂದೆಯ ಪಾತ್ರವದು. ಅಬ್ಬರಕ್ಕೆ ಇಲ್ಲಿ ಯಥೇಚ್ಛ ಅವಕಾಶವಿತ್ತು. ರಾಜಕುಮಾರರಾದರೋ ಆ ತನ್ಮಯತೆಯನ್ನು ಕಣ್ಣಿನಲ್ಲಿಯೂ ಹೆಜ್ಜೆಯ ಲಯದಲ್ಲಿಯೂ ಹಿಡಿದಿಟ್ಟಿದ್ದಾರೆ. 'ಕಸ್ತೂರಿ ನಿವಾಸ'ದ (1971) ದಾನಿಯಲ್ಲಿಯೂ ಇದೇ ಸಂಯಮವಿದೆ. ಗೋರಾ ಸಂತರ ತಲೆಗಳನ್ನು ತಟ್ಟಿ ನೋಡಿ, ಬಳಿಕವೇ ನಾಮದೇವನನ್ನು ಹಸಿ ಮಡಕೆ ಎಂದನೆಂಬ ಐತಿಹ್ಯವುಂಟು. ತಟ್ಟದೆಯೇ ಹಸಿಯೆಂದವರು, ಚಿತ್ರಗಳನ್ನು ನೋಡಿದ ಮೇಲೆ ತಮ್ಮ ಮಾತನ್ನು ಹಿಂದೆಗೆದುಕೊಳ್ಳುವುದೇ ವಿಮರ್ಶಾಧರ್ಮ.