ಸ್ವಂತ ಮನೆಯೂ ಜಾತ್ರೆಯ ಅಂಗಡಿಯೂ

ಕಲೆಯಿಂದಲೇ ಜೀವನೋಪಾಯವನ್ನು ಅರಸುವ ಬರಹಗಾರನು ತನ್ನ ಕೃತಿಗಳನ್ನು ಸ್ವಂತ ಬ್ಲಾಗಿನಲ್ಲಿ ಇರಿಸಬೇಕೋ, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಸಾಮಾಜಿಕ ಜಾಲತಾಣಗಳಲ್ಲಿ ಹರಡಬೇಕೋ ಎಂಬ ಪ್ರಶ್ನೆಯು ಈಗ ವಿಚಾರಾರ್ಹವಾಗಿದೆ.

ಸಾಮಾಜಿಕ ಜಾಲತಾಣವು ಜಾತ್ರೆಯಂತೆ. ಅಲ್ಲಿ ಜನರು ಮೊದಲೇ ನೆರೆದಿರುವರು. ಹೊಸಬನ ಪರಿಚಯವು ಬೇಗನೆ ಆಗುವುದು. ಇದು ಅಲ್ಪವಾದ ಗುಣವಲ್ಲ. ಆದರೆ ಯಾರ ಕಣ್ಣಿಗೆ ಯಾವುದು ಬೀಳಬೇಕೆಂಬುದನ್ನು ನಿರ್ಣಯಿಸುವವನು ಜಾತ್ರೆಯ ಒಡೆಯನೇ ಹೊರತು ಕಲಾವಿದನಲ್ಲ. ಜಾತ್ರೆಯೇ ನಿಂತುಹೋಗುವುದೂ ಉಂಟು. 2020ನೆಯ ಜೂನ್ 29ರಂದು ಭಾರತ ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ, ಅದೊಂದನ್ನೇ ನಂಬಿದ್ದವರು ತಮ್ಮ ಪ್ರೇಕ್ಷಕರನ್ನು ಒಮ್ಮೆಲೇ ಕಳೆದುಕೊಂಡರು.

ಬ್ಲಾಗಾದರೋ ಮನೆಯಂತೆ. ಹತ್ತು ವರ್ಷಗಳ ಹಿಂದಿನ ಲೇಖನವೂ ಹುಡುಕಿದವರಿಗೆ ಅಲ್ಲಿ ದೊರೆಯುವುದು. ಸ್ವಂತ ಹೆಸರಿನ ವಿಳಾಸವನ್ನು ಪಡೆದು, ಬರಹಗಳ ಪ್ರತಿಯನ್ನು ತನ್ನಲ್ಲಿಯೂ ಇಟ್ಟುಕೊಂಡರೆ ಆ ಮನೆಯ ಒಡೆತನವು ಭದ್ರವಾಗುವುದು. ಆದರೆ ಕರೆಯದೆ ಅಲ್ಲಿಗೆ ಬರುವವರು ವಿರಳ.

ಗಳಗನಾಥರು (1869–1942) ಮಾಸಪತ್ರಿಕೆಯನ್ನು ನಡೆಸಿದರು. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನೆಲೆಯನ್ನೂ ಕಟ್ಟಿಕೊಂಡರು, ಬೀದಿಗಿಳಿಯಲೂ ನಾಚಲಿಲ್ಲ. ಈಗಿನವರಿಗೂ ಇದೇ ಮಾರ್ಗವು ಯುಕ್ತವಾದುದು. ಜಾತ್ರೆಯಲ್ಲಿ ನಿಂತು ಕರೆಯಲಿ. ಬಡಿಸುವುದು ಮಾತ್ರ ಮನೆಯಲ್ಲಿಯೇ ಆಗತಕ್ಕದ್ದು.